ಆಟದ ಮೂಲೆ ಆರಿಸಿಕೊಂಡ ಮಕ್ಕಳಿಗೆ 40 ವರ್ಷ ಆದಾಗ: ಇಪ್ಸಿಲಾಂಟಿಯ ನರ್ಸರಿಯ ಪ್ರಕರಣ ಅಧ್ಯಯನ

ನರ್ಸರಿಯಲ್ಲಿ ಮಕ್ಕಳ ಇಷ್ಟಕ್ಕೆ ಎಷ್ಟು ಬಿಡಬೇಕು ಅನ್ನೋ ಜಗಳ ಹಳೆಯದು. ಮೂರು ವರ್ಷದ ಮಗುವನ್ನು "ಇವತ್ತು ಏನು ಮಾಡ್ತೀಯಾ?" ಅಂತ ಕೇಳಿದರೆ ಕಲಿಕೆ ಕೆಟ್ಟು ಹೋಗುತ್ತದೆ ಅಂತ ಒಂದು ಕಡೆಯವರು. ಕೇಳಿ ಬಿಟ್ಟರೆ ಸಾಕು, ಮಿಕ್ಕಿದ್ದೆಲ್ಲ ತಾನಾಗೇ ಬರುತ್ತದೆ ಅಂತ ಇನ್ನೊಂದು ಕಡೆಯವರು. ಈ ವಾದದ ಮಧ್ಯೆ ಯಾರಾದರೂ ಒಬ್ಬರು ಇಪ್ಸಿಲಾಂಟಿಯಲ್ಲಿದ್ದ ಪೆರ್ರಿ ಪ್ರೀಸ್ಕೂಲ್ ಅನ್ನೋ ನರ್ಸರಿಯ ಹೆಸರು ತೆಗೆದೇ ತೆಗೆಯುತ್ತಾರೆ. ತೆಗೆದು, ಒಂದು ಡಾಲರ್ ಹಾಕಿದರೆ 16 ಡಾಲರ್ ವಾಪಸ್ ಬಂತಂತೆ ಅಂತ ಹೇಳಿ ಮಾತು ಮುಗಿಸುತ್ತಾರೆ. ಆ ಅಂಕಿ ಸುಳ್ಳಲ್ಲ. ಆದರೆ ಆ ಕೋಣೆಯೊಳಗೆ ಏನು ನಡೆಯುತ್ತಿತ್ತು, ಯಾರು ಎಷ್ಟು ಕೆಲಸ ಮಾಡುತ್ತಿದ್ದರು ಅನ್ನೋದು ಈ ಒಂದು ಅಂಕಿಯ ಹಿಂದೆ ಮುಚ್ಚಿಹೋಗಿದೆ. ನನಗೆ ಅಂಕಿಗಿಂತ ಕೋಣೆಯ ಮೇಲೇ ಕುತೂಹಲ ಜಾಸ್ತಿ, ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು

ಇಪ್ಸಿಲಾಂಟಿ ಅಮೆರಿಕದ ಮಿಶಿಗನ್ ರಾಜ್ಯದ ಒಂದು ಊರು, ಡೆಟ್ರಾಯಿಟ್‌ಗೆ ಹತ್ತಿರ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪಕ್ಕದ ವಿಲೋ ರನ್‌ನಲ್ಲಿ ಬಾಂಬರ್ ವಿಮಾನದ ಭಾರೀ ಕಾರ್ಖಾನೆ ಎದ್ದಾಗ ಕೆಲಸ ಹುಡುಕಿಕೊಂಡು ದಕ್ಷಿಣದ ರಾಜ್ಯಗಳಿಂದ ತುಂಬಾ ಜನ ಈ ಕಡೆ ಬಂದರು. ಊರಿನ ಆಫ್ರಿಕನ್ ಅಮೆರಿಕನ್ ಕುಟುಂಬಗಳು ಹೆಚ್ಚಾಗಿ ಇದ್ದದ್ದು ದಕ್ಷಿಣ ಭಾಗದಲ್ಲಿ. ಆ ಮಕ್ಕಳು ಹೋಗುತ್ತಿದ್ದ ಶಾಲೆ ಪೆರ್ರಿ ಪ್ರಾಥಮಿಕ ಶಾಲೆ.

ಡೇವಿಡ್ ವೈಕಾರ್ಟ್ ಅನ್ನುವವರು ಆಗ ಊರಿನ ಸರ್ಕಾರಿ ಶಾಲೆಗಳ ವಿಶೇಷ ಸೇವೆಗಳ ನಿರ್ದೇಶಕ. ಮಕ್ಕಳ ಅಂಕಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅವರಿಗೆ ಕಂಡದ್ದು ಒಂದೇ ವಿಷಯ. ಬಡ ಕಪ್ಪು ಮಕ್ಕಳು ವರ್ಷದಿಂದ ವರ್ಷಕ್ಕೆ ಹಿಂದೆ ಬೀಳುತ್ತಿದ್ದರು. ಅದೇ ತರಗತಿಯಲ್ಲಿ ಮತ್ತೆ ಕೂರುತ್ತಿದ್ದರು, ಇಲ್ಲವೇ ವಿಶೇಷ ಶಿಕ್ಷಣದ ತರಗತಿಗೆ ಹೋಗುತ್ತಿದ್ದರು. ಇದನ್ನು ಅವರು ಶಾಲೆಗಳ ಮುಖ್ಯಸ್ಥರ ಸಭೆಯಲ್ಲಿ ಇಟ್ಟರು. ಸಭೆಯಲ್ಲಿ ಹೆಚ್ಚಿನವರಿಗೆ ಅದು ಹಿಡಿಸಲಿಲ್ಲ. ಮಕ್ಕಳು ಹುಟ್ಟಿದ್ದೇ ಹಾಗೆ, ಶಾಲೆ ಏನು ಮಾಡೋಕಾಗುತ್ತದೆ ಅನ್ನೋ ಧೋರಣೆ.

ವೈಕಾರ್ಟ್‌ಗೆ ಶಾಲೆಗಳನ್ನು ಬದಲಾಯಿಸುವ ಅಧಿಕಾರ ಇರಲಿಲ್ಲ. ಆದರೆ ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳು ಯಾರ ಹತೋಟಿಗೂ ಬಂದಿರಲಿಲ್ಲ. ಅಲ್ಲಿ ಏನು ಮಾಡಿದರೂ ಅಡ್ಡ ಬರುವವರಿಲ್ಲ. ಅಂದರೆ ನರ್ಸರಿ ಅನ್ನೋ ಯೋಚನೆ ಹುಟ್ಟಿದ್ದು ಮಕ್ಕಳ ಮನಸ್ಸಿನ ಬಗ್ಗೆ ಯಾವುದೋ ದೊಡ್ಡ ಸಿದ್ಧಾಂತದಿಂದಲ್ಲ, ಮೇಲಿನ ಬಾಗಿಲು ಮುಚ್ಚಿದ್ದರಿಂದ. ಪೆರ್ರಿ ಶಾಲೆಯ ಮುಖ್ಯೋಪಾಧ್ಯಾಯ ಚಾರ್ಲ್ಸ್ ಬೀಟಿ ಇದಕ್ಕೆ ಜೊತೆಯಾದರು. 1962ರಲ್ಲಿ ಕೆಲಸ ಶುರುವಾಯಿತು.

ಇನ್ನೊಂದು ವಿಷಯ. ಸಲಹೆ ಕೇಳಿದ ಕೆಲವು ತಜ್ಞರು ಇದು ಬೇಡವೇ ಬೇಡ ಅಂದಿದ್ದರು. ಇಷ್ಟು ಚಿಕ್ಕ ಮಕ್ಕಳನ್ನು, ಅದರಲ್ಲೂ ಬುದ್ಧಿ ಪರೀಕ್ಷೆಯಲ್ಲಿ ಕಡಿಮೆ ಬಂದವರನ್ನು, ಶಾಲೆಗೆ ತಂದರೆ ತೊಂದರೆಯೇ ಆಗಬಹುದು ಅಂತ ಅವರ ಅನಿಸಿಕೆ. ಹಾಗಾದರೆ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ಅಳೆದೇ ನೋಡೋಣ ಅಂತ ವೈಕಾರ್ಟ್ ಇದನ್ನೊಂದು ಪ್ರಯೋಗವಾಗಿ ಕಟ್ಟಿದರು. ಆ ತಜ್ಞರು ಅಡ್ಡಗಾಲು ಹಾಕದೆ ಇದ್ದಿದ್ದರೆ ಇದು ಹತ್ತರಲ್ಲಿ ಹನ್ನೊಂದನೇ ನರ್ಸರಿಯಾಗಿ ಮರೆತೇ ಹೋಗುತ್ತಿತ್ತೇನೋ.

ಯಾವ ಮಕ್ಕಳು

ಒಟ್ಟು 123 ಮಕ್ಕಳು. ಎಲ್ಲರೂ ಆಫ್ರಿಕನ್ ಅಮೆರಿಕನ್, ಎಲ್ಲರದ್ದೂ ಬಡ ಕುಟುಂಬ, ಎಲ್ಲರ ಐಕ್ಯೂ 70ರಿಂದ 85ರ ಆಸುಪಾಸು. ಮಕ್ಕಳನ್ನು ಸರಿಸಮ ಗುಂಪು ಮಾಡಿ, ಯಾವ ಗುಂಪಿಗೆ ನರ್ಸರಿ ಅಂತ ನಾಣ್ಯ ಚಿಮ್ಮಿ ತೀರ್ಮಾನ ಮಾಡಿದರು. 58 ಮಕ್ಕಳು ನರ್ಸರಿಗೆ. 65 ಮಕ್ಕಳು ಮನೆಯಲ್ಲೇ. 1962ರಿಂದ 1967ರವರೆಗೆ ನಡೆದ ಈ ನರ್ಸರಿಗೆ ಐದು ತಂಡಗಳು ಸೇರಿದವು. ಮೊದಲ ತಂಡದವರು ನಾಲ್ಕನೇ ವಯಸ್ಸಿನಲ್ಲಿ ಸೇರಿ ಒಂದು ವರ್ಷ ಇದ್ದರು, ಮಿಕ್ಕವರು ಮೂರರಲ್ಲಿ ಸೇರಿ ಎರಡು ವರ್ಷ.

ವಾರದ ಐದು ದಿನ, ಬೆಳಿಗ್ಗೆ ಎರಡೂವರೆ ಗಂಟೆ. ಅಷ್ಟೇ. ಅಕ್ಟೋಬರ್‌ನಿಂದ ಮೇವರೆಗೆ. 20ರಿಂದ 25 ಮಕ್ಕಳಿಗೆ ನಾಲ್ಕು ಜನ ಟೀಚರ್. ಎಲ್ಲರೂ ತರಬೇತಿ ಪಡೆದ, ಸರ್ಕಾರಿ ಶಾಲೆಯ ಸಂಬಳ ತೆಗೆದುಕೊಳ್ಳುವ ಟೀಚರ್‌ಗಳು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೋಣೆಯೊಳಗೆ

ಮೊದಲ ದಿನದಿಂದಲೇ ಎಲ್ಲ ಹೀಗೇ ಇತ್ತು ಅಂತಲ್ಲ. ಶುರುವಿನಲ್ಲಿ ಟೀಚರ್‌ಗಳೇ ಜಾಸ್ತಿ ನಡೆಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಅವರ ಕೆಲಸವನ್ನು ಓದುತ್ತಾ ಹೋದ ಹಾಗೆ ತಂಡದ ದಾರಿ ಬದಲಾಯಿತು. ಮಗು ಹೇಳಿಸಿಕೊಂಡು ಕಲಿಯೋದಕ್ಕಿಂತ ತಾನೇ ಕೈ ಹಾಕಿ, ಮಾಡಿ, ಅದು ಹೀಗಾಯಿತಲ್ಲ ಅಂತ ಯೋಚಿಸಿ ಕಲಿಯುತ್ತದೆ ಅನ್ನೋದು ಅಲ್ಲಿಂದ ಬಂದ ತಿರುಳು. ಇದರಿಂದ ಬೆಳೆದದ್ದೇ ಮೂರು ಹೆಜ್ಜೆಯ ಕ್ರಮ: ಪ್ಲಾನ್ ಹೇಳು, ಮಾಡು, ಮಾಡಿದ್ದನ್ನು ಮತ್ತೆ ಹೇಳು. ಕೊನೆಯ ಹೆಜ್ಜೆ, ಅಂದರೆ ಮಾಡಿದ್ದನ್ನು ಮತ್ತೆ ನೆನೆಯೋದು, ಇಸ್ರೇಲಿನ ಮನಶ್ಶಾಸ್ತ್ರಜ್ಞೆ ಸಾರಾ ಸ್ಮಿಲಾನ್‌ಸ್ಕಿ ಅವರ ಸಲಹೆಯಿಂದ ಸೇರಿದ್ದು.

ಕೋಣೆಯಲ್ಲಿ ಮೂಲೆಗಳಿದ್ದವು. ಬ್ಲಾಕ್‌ಗಳ ಮೂಲೆ, ಮನೆಯಾಟದ ಮೂಲೆ, ಬಣ್ಣ ಹಚ್ಚುವ ಮೂಲೆ, ಪುಸ್ತಕ ಮತ್ತು ಜೋಡಿಸುವ ಆಟಗಳ ಸದ್ದಿಲ್ಲದ ಮೂಲೆ. ಸಾಮಾನುಗಳು ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ. ಯಾವುದು ಎಲ್ಲಿ ಅನ್ನೋದಕ್ಕೆ ಓದಲು ಬಾರದ ಮಗುವಿಗೂ ತಿಳಿಯೋ ಹಾಗೆ ಗುರುತು. ಇದು ಚೊಕ್ಕಟವಾಗಿ ಕಾಣಲಿ ಅಂತ ಮಾಡಿದ್ದಲ್ಲ. ಕತ್ತರಿ ಬೇಕಾದಾಗ ಟೀಚರ್‌ನ ಕೇಳಬೇಕಾಗಿದ್ದರೆ ಆ ಪ್ಲಾನ್ ಮಗುವಿನದ್ದಾಗಿ ಉಳಿಯಲ್ಲ, ಅಲ್ವಾ?

ಈ ಕ್ರಮ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಬೇಕೆಂದರೆ ಮೂರೂವರೆ ವರ್ಷದ ಒಬ್ಬ ಹುಡುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಿಗ್ಗೆ ಐದಾರು ಮಕ್ಕಳ ಜೊತೆ ಟೀಚರ್ ಮುಂದೆ ಕೂತಿದ್ದಾನೆ. "ಎಲ್ಲಿ ಆಡ್ತೀಯಾ?" ಅಂದರೆ ಸುಮ್ನೆ ಬ್ಲಾಕ್‌ಗಳ ಕಡೆ ಬೆರಳು ತೋರಿಸುತ್ತಾನೆ. ಮೊದಲ ವಾರಗಳಲ್ಲಿ ಅಷ್ಟೇ ಸಾಕು. ಟೀಚರ್ ಅದನ್ನು ಮಾತಿಗೆ ತರುತ್ತಾರೆ: "ಓ, ಬ್ಲಾಕ್ ಹತ್ರ ಹೋಗ್ತೀಯಾ. ಅಲ್ಲಿ ಏನು ಮಾಡ್ತೀಯಾ?" ಅವನು "ಗ್ಯಾರೇಜ್" ಅನ್ನುತ್ತಾನೆ. "ಗ್ಯಾರೇಜಲ್ಲಿ ಎಷ್ಟು ಕಾರು ಇಡ್ತೀಯಾ?" ಅವನು ಒಂದು ಗಳಿಗೆ ಯೋಚನೆ ಮಾಡುತ್ತಾನೆ. ಆ ಒಂದು ಗಳಿಗೆಯೇ ಇಡೀ ಕಾರ್ಯಕ್ರಮದ ಜೀವ. ಇನ್ನೂ ಮಾಡದ ಕೆಲಸವನ್ನು ಅವನು ತಲೆಯೊಳಗೆ ನೋಡುತ್ತಿದ್ದಾನೆ.

ಆಮೇಲೆ ಮುಕ್ಕಾಲು ಗಂಟೆ, ಒಂದು ಗಂಟೆ ಕೆಲಸ. ಗ್ಯಾರೇಜಿನ ಮೇಲ್ಛಾವಣಿಗೆ ಇಟ್ಟ ಉದ್ದದ ಬ್ಲಾಕ್ ಒಂದು ಕಡೆ ಗೋಡೆಗೆ ಎಟುಕಲ್ಲ, ಬಿದ್ದು ಹೋಗುತ್ತದೆ. ಇಲ್ಲಿ ಟೀಚರ್‌ಗೆ ಕೈ ಕಡಿಯುತ್ತಿರುತ್ತದೆ. ಗೋಡೆಯನ್ನು ಒಂದಿಷ್ಟು ಹತ್ತಿರ ತಳ್ಳಿದರೆ ಮುಗೀತು. ತಳ್ಳಲ್ಲ. ಪಕ್ಕದಲ್ಲಿ ನೆಲದ ಮೇಲೇ ಕೂತು "ಯಾಕೆ ಬಿತ್ತು ಅನ್ಸುತ್ತೆ?" ಅಂತ ಕೇಳುತ್ತಾರೆ, ಇಲ್ಲ ಅಂದರೆ ಇನ್ನೊಂದು ಉದ್ದದ ಬ್ಲಾಕ್ ತಂದು ಅವನಿಗೆ ಕಾಣುವ ಹಾಗೆ ಇಟ್ಟು ಸುಮ್ಮನಿರುತ್ತಾರೆ. ಹುಡುಗ ಮಧ್ಯದಲ್ಲೇ ಪ್ಲಾನ್ ಬಿಟ್ಟು ಬಣ್ಣದ ಕಡೆ ಓಡಿದರೂ ಬೈಗುಳ ಇಲ್ಲ. ಆದರೆ "ಗ್ಯಾರೇಜ್ ಮುಗೀತಾ, ಪ್ಲಾನ್ ಬದಲಾಯ್ತಾ?" ಅಂತ ಒಂದು ಮಾತು ಕೇಳೇ ಕೇಳುತ್ತಾರೆ.

ಎಲ್ಲ ಎತ್ತಿಟ್ಟ ಮೇಲೆ ಮತ್ತೆ ಅದೇ ಗುಂಪು. ಏನು ಮಾಡಿದೆ, ಯಾರ ಜೊತೆ ಮಾಡಿದೆ, ಛಾವಣಿ ಬಿದ್ದಾಗ ಏನು ಮಾಡಿದೆ. ಮಾತು ಬರದಿದ್ದರೆ ಹೋಗಿ ಒಂದು ಬ್ಲಾಕ್ ತಂದು ತೋರಿಸಲಿ, ಚಿತ್ರ ಗೀಚಲಿ. ಇದಾದ ಮೇಲೆ ಟೀಚರ್ ಯೋಚಿಸಿ ತಂದ ಸಣ್ಣ ಗುಂಪಿನ ಚಟುವಟಿಕೆ, ತಿಂಡಿ, ಹೊರಗಿನ ಆಟ, ಎಲ್ಲರೂ ಸುತ್ತ ಕೂತು ಹಾಡೋದು. ದಿನದ ಕ್ರಮ ಮಾತ್ರ ಬದಲಾಗಲ್ಲ. ಮಕ್ಕಳಿಗೆ ಆಯ್ಕೆ ಇದ್ದದ್ದು ಒಂದು ಗಟ್ಟಿ ಚೌಕಟ್ಟಿನ ಒಳಗೆ. ಇದನ್ನು "ಮಕ್ಕಳನ್ನು ಅವರ ಪಾಡಿಗೆ ಬಿಟ್ಟರು" ಅಂತ ಹೇಳುವವರು ಆ ಕೋಣೆಯ ಅರ್ಧವನ್ನೇ ನೋಡಿದ್ದಾರೆ.

ಇನ್ನು ಮಧ್ಯಾಹ್ನದ ಕೆಲಸ. ವಾರಕ್ಕೊಮ್ಮೆ ಟೀಚರ್ ಪ್ರತಿ ಮಗುವಿನ ಮನೆಗೆ ಹೋಗುತ್ತಿದ್ದರು, ಒಂದೂವರೆ ಗಂಟೆ. ತಾಯಿಗೆ ಪಾಠ ಹೇಳೋಕಲ್ಲ. ಮಗು, ತಾಯಿ, ಟೀಚರ್ ಮೂವರೂ ಕೂತು ಏನಾದರೂ ಮಾಡುತ್ತಿದ್ದರು. ಮಗು ತಾನಾಗಿ ಮಾಡುವುದನ್ನು ತಾಯಿ ಟೀಚರ್ ಪಕ್ಕದಲ್ಲೇ ಕೂತು ನೋಡುತ್ತಿದ್ದಳು, ಮಗುವಿಗೆ ಏನು ಸಾಧ್ಯ ಅನ್ನೋದರ ಬಗ್ಗೆ ಮನೆಯವರ ಲೆಕ್ಕಾಚಾರವೇ ಬದಲಾಗಲಿ ಅನ್ನೋದು ಇದರ ಉದ್ದೇಶ. ಬೆಳಿಗ್ಗೆ ತರಗತಿ ಮುಗಿಸಿ, ಮಧ್ಯಾಹ್ನ ಮನೆಗಳಿಗೆ ಹೋಗಿ, ಮತ್ತೆ ಎಲ್ಲರೂ ಕೂತು ಯಾವ ಮಗು ಎಲ್ಲಿದೆ ಅಂತ ಮಾತಾಡೋದು. ಟೀಚರ್‌ಗಳ ಪಾಲಿಗೆ ಇದು ಎರಡೂವರೆ ಗಂಟೆಯ ಕೆಲಸ ಅಲ್ಲವೇ ಅಲ್ಲ.

ಸೋತಂತೆ ಕಂಡ ವರ್ಷಗಳು

ಗುರಿ ಇದ್ದದ್ದು ಐಕ್ಯೂ. ಮೊದಮೊದಲು ಅದು ಏರಿತು ಕೂಡ. ಐದನೇ ವಯಸ್ಸಿನಲ್ಲಿ ನರ್ಸರಿಗೆ ಹೋದವರಲ್ಲಿ 67% ಮಕ್ಕಳ ಐಕ್ಯೂ 90 ಅಥವಾ ಅದಕ್ಕಿಂತ ಜಾಸ್ತಿ ಇತ್ತು, ಹೋಗದವರಲ್ಲಿ 28% ಮಾತ್ರ. ಎಲ್ಲರಿಗೂ ಖುಷಿ. ಆದರೆ ಎಂಟನೇ ವಯಸ್ಸಿಗೆ ಬರುವಷ್ಟರಲ್ಲಿ ಎರಡೂ ಗುಂಪು ಒಂದೇ ಮಟ್ಟಕ್ಕೆ ಬಂದಿತ್ತು. ಇದ್ದ ಲಾಭ ಕರಗಿ ಹೋಯಿತು.

ಅದು ಕೆಟ್ಟ ಸಮಯವೂ ಹೌದು. 1965ರಲ್ಲಿ ಅಮೆರಿಕ ಸರ್ಕಾರ ಬಡ ಮಕ್ಕಳಿಗಾಗಿ ಹೆಡ್ ಸ್ಟಾರ್ಟ್ ಅನ್ನೋ ನರ್ಸರಿ ಕಾರ್ಯಕ್ರಮ ಶುರು ಮಾಡಿತ್ತು. 1969ರಲ್ಲಿ ಬಂದ ವೆಸ್ಟಿಂಗ್‌ಹೌಸ್ ವರದಿ ಅಲ್ಲೂ ಲಾಭ ಬೇಗ ಮಾಸಿ ಹೋಗುತ್ತಿದೆ ಅಂತ ಹೇಳಿತು. ಅದೇ ವರ್ಷ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಇಂಥ ಪ್ರಯತ್ನಗಳು ಸೋತಿವೆ ಅಂತ ಬರೆದರು. ಇಪ್ಸಿಲಾಂಟಿಯ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದ್ದರೆ ಅದೂ ಈ ಸೋಲಿನ ಪಟ್ಟಿಗೆ ಸೇರುತ್ತಿತ್ತು. ವೈಕಾರ್ಟ್ ನಿಲ್ಲಿಸಲಿಲ್ಲ. 1970ರಲ್ಲಿ ಹೈಸ್ಕೋಪ್ ಅನ್ನೋ ಸಂಸ್ಥೆ ಕಟ್ಟಿಕೊಂಡು ಅದೇ ಮಕ್ಕಳ ಬೆನ್ನು ಹತ್ತಿದರು.

14ನೇ ವಯಸ್ಸಿನಲ್ಲಿ ಒಂದು ವಿಚಿತ್ರ ಕಂಡಿತು. ಐಕ್ಯೂ ಒಂದೇ ಇದ್ದರೂ ಶಾಲೆಯ ಪರೀಕ್ಷೆಯಲ್ಲಿ ಮೂಲ ಮಟ್ಟ ಮುಟ್ಟಿದವರು ನರ್ಸರಿಗೆ ಹೋದ ಗುಂಪಿನಲ್ಲಿ 49%, ಹೋಗದ ಗುಂಪಿನಲ್ಲಿ 15%. ಹೋಂವರ್ಕ್ ಮಾಡಿಕೊಂಡು ಹೋಗುವವರು 61% ಮತ್ತು 38%. ನನ್ನ ಕಣ್ಣಿಗೆ ಇಡೀ ಪ್ರಕರಣದಲ್ಲಿ ಬಿದ್ದ ಅಂಕಿ ಈ ಹೋಂವರ್ಕಿನದ್ದು. ಹೋಂವರ್ಕ್ ಅಂದರೆ ಏನು? ಸಂಜೆ ಏನು ಮಾಡಬೇಕು ಅಂತ ಮೊದಲೇ ಅಂದುಕೊಳ್ಳೋದು, ಕೂತು ಮಾಡೋದು, ಮುಗೀತಾ ಅಂತ ನೋಡಿಕೊಳ್ಳೋದು. ನಾಲ್ಕನೇ ವಯಸ್ಸಿನಲ್ಲಿ ಬ್ಲಾಕ್ ಮೂಲೆಯಲ್ಲಿ ದಿನಾ ಮಾಡುತ್ತಿದ್ದದ್ದು ಇದೇ. ಒಂದರಿಂದಲೇ ಇನ್ನೊಂದು ಬಂತು ಅಂತ ಅಂಕಿಗಳು ಸಾಬೀತು ಮಾಡಲ್ಲ, ಅದು ನನ್ನ ಊಹೆ. ಆದರೆ ಐಕ್ಯೂಗಿಂತ ಈ ದಾರಿಯೇ ಹೆಚ್ಚು ಹೊಂದಿಕೊಳ್ಳುತ್ತದೆ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಜೊತೆಯವರು ಆಮೇಲೆ ಅದೇ ದಾಖಲೆಗಳನ್ನು ಜಾಲಾಡಿದಾಗ ಅವರಿಗೂ ಲಾಭದ ದೊಡ್ಡ ಪಾಲು ಬುದ್ಧಿಮಟ್ಟದ ಮೂಲಕ ಅಲ್ಲ, ನಡವಳಿಕೆಯ ಮೂಲಕ ಬಂದಂತೆ ಕಂಡಿತು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಹೈಸ್ಕೂಲ್ ಮಟ್ಟ ಮುಗಿಸಿದವರು 77%, ಹೋಗದ ಗುಂಪಿನಲ್ಲಿ 60%. ಇದರಲ್ಲಿ ವ್ಯತ್ಯಾಸ ಹೆಚ್ಚೂಕಡಿಮೆ ಹುಡುಗಿಯರದ್ದೇ, ಹುಡುಗರಲ್ಲಿ ಅಂಥ ಫರಕು ಇಲ್ಲ. 40ನೇ ವಯಸ್ಸಿನಲ್ಲಿ ಕೆಲಸದಲ್ಲಿದ್ದವರು 76%, ಇನ್ನೊಂದು ಕಡೆ 62%. ವರ್ಷಕ್ಕೆ 20,000 ಡಾಲರ್‌ಗಿಂತ ಹೆಚ್ಚು ದುಡಿಯುವವರು 60%, ಇನ್ನೊಂದು ಕಡೆ 40%. ಐದು ಅಥವಾ ಅದಕ್ಕಿಂತ ಜಾಸ್ತಿ ಸಲ ಬಂಧನಕ್ಕೆ ಒಳಗಾದವರು 36%, ಇನ್ನೊಂದು ಕಡೆ 55%. ಈ ಕೊನೆಯದನ್ನು ತಿರುಗಿಸಿಯೂ ಓದಬೇಕು. ಅಷ್ಟು ಒಳ್ಳೆಯ ನರ್ಸರಿ ಮುಗಿಸಿದವರಲ್ಲೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಪೊಲೀಸರು ಐದು ಸಲವಾದರೂ ಹಿಡಿದಿದ್ದರು. ದಿನಕ್ಕೆ ಎರಡೂವರೆ ಗಂಟೆಯ ಆಟದ ಕೋಣೆ ಊರಿನ ಬಡತನವನ್ನೂ ಬಣ್ಣಭೇದವನ್ನೂ ಅಳಿಸಲ್ಲ.

ಮಕ್ಕಳ ಆಯ್ಕೆಯಿಂದಲೇ ಇದಾಯಿತಾ?

ಇದು ಸರಿಯಾದ ಪ್ರಶ್ನೆ. ಪೆರ್ರಿಯಲ್ಲಿ ಹೋಲಿಕೆ ಇದ್ದದ್ದು ನರ್ಸರಿಗೂ ಮನೆಗೂ. ಒಳ್ಳೆಯ ಟೀಚರ್, ಮನೆ ಭೇಟಿ, ಸಣ್ಣ ಗುಂಪು, ಇವುಗಳಲ್ಲಿ ಯಾವುದು ಕೆಲಸ ಮಾಡಿತು ಅಂತ ಅದರಿಂದ ಬೇರ್ಪಡಿಸೋಕಾಗಲ್ಲ. ವೈಕಾರ್ಟ್‌ಗೂ ಇದು ಗೊತ್ತಿತ್ತು. ಹಾಗಾಗಿ 1967ರಲ್ಲಿ ಅದೇ ಊರಿನಲ್ಲಿ ಇನ್ನೊಂದು ಪ್ರಯೋಗ. 68 ಬಡ ಮಕ್ಕಳು, ಮೂರು ಬಗೆಯ ನರ್ಸರಿ. ಒಂದರಲ್ಲಿ ಟೀಚರ್ ಹೇಳಿಕೊಟ್ಟು ಮಕ್ಕಳು ಒಟ್ಟಿಗೆ ಉತ್ತರ ಹೇಳುವ ಡೈರೆಕ್ಟ್ ಇನ್‌ಸ್ಟ್ರಕ್ಷನ್. ಎರಡನೆಯದರಲ್ಲಿ ಮೇಲೆ ಹೇಳಿದ ಪ್ಲಾನ್ ಕ್ರಮ, ಆಮೇಲೆ ಹೈಸ್ಕೋಪ್ ಅಂತ ಹೆಸರಾದದ್ದು ಇದೇ. ಮೂರನೆಯದು ಹಳೆಯ ಮಾದರಿಯ ನರ್ಸರಿ, ಮಕ್ಕಳ ಆಟವೇ ಮುಖ್ಯ, ಟೀಚರ್ ಅದಕ್ಕೆ ಸ್ಪಂದಿಸುತ್ತಾ ಇರೋದು. ಮೂರರಲ್ಲೂ ಮನೆ ಭೇಟಿ ಇತ್ತು.

ಮೊದಲ ವರ್ಷಗಳಲ್ಲಿ ಮೂರೂ ಗೆದ್ದವು. ಐಕ್ಯೂ ಮೂರರಲ್ಲೂ ಏರಿತು. ಹತ್ತನೇ ವಯಸ್ಸಿನವರೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 15ನೇ ವಯಸ್ಸಿನಲ್ಲಿ ಬೇರೆ ಚಿತ್ರ. ಡೈರೆಕ್ಟ್ ಇನ್‌ಸ್ಟ್ರಕ್ಷನ್ ಗುಂಪಿನವರು ತಾವೇ ಹೇಳಿಕೊಂಡ ಪುಂಡಾಟಗಳು ಪ್ಲಾನ್ ಗುಂಪಿನವರದ್ದಕ್ಕಿಂತ ಎರಡೂವರೆ ಪಟ್ಟು. 23ನೇ ವಯಸ್ಸಿನಲ್ಲಿ ನೋಡಿದಾಗ, ಶಾಲೆಯ ದಿನಗಳಲ್ಲಿ ಭಾವನಾತ್ಮಕ ತೊಂದರೆಗೆ ನೆರವು ಬೇಕಾಗಿದ್ದವರು ಆ ಗುಂಪಿನಲ್ಲಿ 47%, ಮಿಕ್ಕ ಎರಡು ಗುಂಪಿನಲ್ಲಿ 6%.

ಇದನ್ನು ಹಿಡಿದುಕೊಂಡು ಕುಣಿಯೋ ಮೊದಲು ಸ್ವಲ್ಪ ತಡೆಯಿರಿ. 15ರಲ್ಲಿ ಸಿಕ್ಕವರು 54 ಮಂದಿ, ಅಂದರೆ ಗುಂಪಿಗೆ 18 ಜನ. ಇಬ್ಬರು ಮೂವರು ಆ ಕಡೆ ಈ ಕಡೆ ಆದರೂ ಶೇಕಡಾವಾರು ಅಲ್ಲಾಡಿ ಹೋಗುತ್ತದೆ. ಅಳೆದವರೇ ಒಂದು ಪದ್ಧತಿಯನ್ನು ಕಟ್ಟಿದವರು. ಡೈರೆಕ್ಟ್ ಇನ್‌ಸ್ಟ್ರಕ್ಷನ್ ರೂಪಿಸಿದವರಲ್ಲಿ ಒಬ್ಬರಾದ ಕಾರ್ಲ್ ಬೆರೈಟರ್ ಇದನ್ನು ಒಪ್ಪಲಿಲ್ಲ, ಜೋರಾಗಿಯೇ ತಕರಾರು ಎತ್ತಿದರು. ಬೇರೆಯವರು ಬೇರೆ ಮಕ್ಕಳ ಮೇಲೆ ಮಾಡಿ 2002ರಲ್ಲಿ ಪ್ರಕಟಿಸಿದ ಒಂದು ಹೋಲಿಕೆಯಲ್ಲಿ ಇಂಥ ಫರಕು ಕಾಣಲೂ ಇಲ್ಲ. ನನ್ನ ತೀರ್ಮಾನ ಇಷ್ಟು: ಮಕ್ಕಳಿಗೆ ಆಯ್ಕೆ ಕೊಟ್ಟರೆ ಓದು ಹಾಳಾಗುತ್ತದೆ ಅನ್ನೋ ಭಯಕ್ಕೆ ಇಪ್ಸಿಲಾಂಟಿಯಲ್ಲಿ ಯಾವ ಆಧಾರವೂ ಸಿಗಲಿಲ್ಲ. ಹೇಳಿಕೊಟ್ಟು ಕಲಿಸಿದರೆ ಮಕ್ಕಳು ಕೆಡುತ್ತಾರೆ ಅನ್ನೋದಕ್ಕೆ ಸಿಕ್ಕ ಆಧಾರ ತೆಳು. ಆ 6% ಹಳೆಯ ಮಾದರಿಯ ನರ್ಸರಿಗೂ ಸೇರಿದ್ದು ಅನ್ನೋದನ್ನು ಹೈಸ್ಕೋಪ್ ಅಭಿಮಾನಿಗಳೂ ಮರೆಯಬಾರದು.

ಮೂಲ ಪೆರ್ರಿ ಪ್ರಯೋಗದಲ್ಲೂ ಕೊರತೆ ಇದೆ. ನಾಣ್ಯ ಚಿಮ್ಮಿದ ಮೇಲೂ ಕೆಲವು ಮಕ್ಕಳನ್ನು ಅದಲುಬದಲು ಮಾಡಿದ್ದರು. ತಾಯಿ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಧ್ಯಾಹ್ನದ ಭೇಟಿ ಕಷ್ಟ, ಹಾಗಾಗಿ ಅಂಥ ಕೆಲವು ಮಕ್ಕಳು ಇನ್ನೊಂದು ಗುಂಪಿಗೆ ಹೋದರು. ತಮ್ಮ ತಂಗಿಯರನ್ನು ಅಣ್ಣ ಅಕ್ಕ ಇದ್ದ ಗುಂಪಿಗೇ ಹಾಕಿದರು. ಹೆಕ್‌ಮನ್ ತಂಡ ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು ನೋಡಿದಾಗಲೂ ಲಾಭದ ಹೆಚ್ಚಿನ ಭಾಗ ಉಳಿಯಿತು.

ದುಡ್ಡಿನ ಮಾತು

ಈಗ ಆ 16 ಡಾಲರ್. 40ನೇ ವಯಸ್ಸಿನ ಲೆಕ್ಕದಲ್ಲಿ ಒಂದು ಡಾಲರ್‌ಗೆ 16.14 ಡಾಲರ್ ಅಂತ ಬಂತು. ಅದರಲ್ಲಿ 12.90 ಡಾಲರ್ ಸಮಾಜಕ್ಕೆ, ಮಿಕ್ಕಿದ್ದು ಆ ಮಕ್ಕಳ ಸ್ವಂತ ಗಳಿಕೆಗೆ. ಸಮಾಜಕ್ಕೆ ಬಂದದ್ದರಲ್ಲಿ ಬಹುಪಾಲು ಅಪರಾಧ ಕಡಿಮೆಯಾಗಿದ್ದರಿಂದ ಉಳಿದ ಖರ್ಚು. ಹೆಕ್‌ಮನ್ ತಂಡ 2010ರಲ್ಲಿ ಹೆಚ್ಚು ಬಿಗಿಯಾಗಿ ಲೆಕ್ಕ ಹಾಕಿ ವರ್ಷಕ್ಕೆ 7ರಿಂದ 10% ಪ್ರತಿಫಲ ಅಂದಿತು. ಮೊದಲಿನದಕ್ಕಿಂತ ತಣ್ಣಗಿನ ಅಂಕಿ, ಆದರೂ ಕಡಿಮೆಯೇನಲ್ಲ. 2019ರಲ್ಲಿ ಅದೇ ತಂಡ ಆ ಮಕ್ಕಳ ಮಕ್ಕಳನ್ನೂ ನೋಡಿತು. ನರ್ಸರಿಗೆ ಹೋದವರ ಮಕ್ಕಳು ಶಾಲೆಯಿಂದ ಅಮಾನತಾಗಿದ್ದು ಕಡಿಮೆ.

ಇದನ್ನೆಲ್ಲ ಹೇಳುವವರು ಇನ್ನೊಂದು ಅಂಕಿ ಹೇಳಲ್ಲ. 2000ನೇ ಇಸವಿಯ ಬೆಲೆಯಲ್ಲಿ ಒಂದು ಮಗುವಿಗೆ ತಗುಲಿದ ಖರ್ಚು 15,166 ಡಾಲರ್. ಅದೂ ದಿನಕ್ಕೆ ಎರಡೂವರೆ ಗಂಟೆಗೆ. ಐದಾರು ಮಕ್ಕಳಿಗೆ ಒಬ್ಬ ಟೀಚರ್ ಇಟ್ಟು, ಅವರಿಗೆ ಸರ್ಕಾರಿ ಶಾಲೆಯ ಸಂಬಳ ಕೊಟ್ಟು, ಮಧ್ಯಾಹ್ನ ಮನೆಗಳಿಗೆ ಕಳಿಸಿದರೆ ಹಾಗೇ ಆಗುತ್ತದೆ. ಪ್ಲಾನ್ ಕ್ರಮವನ್ನು ಎತ್ತಿಕೊಂಡು ಬಂದು ಟೀಚರ್‌ಗಳನ್ನು ಅಲ್ಲೇ ಬಿಟ್ಟು ಬಂದ ನರ್ಸರಿಗೆ 16 ಡಾಲರ್ ಹೆಸರು ಹೇಳುವ ಹಕ್ಕಿಲ್ಲ.

ಇದಕ್ಕೆ ಸರಳ ಲೆಕ್ಕ ಇದೆ. ಒಂದು ಮಗು ಪ್ಲಾನ್ ಹೇಳೋಕೆ ಎರಡು ನಿಮಿಷ ಬೇಕು ಅಂದುಕೊಳ್ಳಿ. ಟೀಚರ್ ಮುಂದೆ ಆರು ಮಕ್ಕಳಿದ್ದರೆ 12 ನಿಮಿಷದಲ್ಲಿ ಎಲ್ಲರೂ ಕೆಲಸಕ್ಕೆ ಎದ್ದಿರುತ್ತಾರೆ. 25 ಮಕ್ಕಳಿದ್ದರೆ 50 ನಿಮಿಷ. ಕೊನೆಯ ಮಗು ಬಾಯಿ ಬಿಡುವ ಹೊತ್ತಿಗೆ ಮೊದಲ ಮಗುವಿನ ಆಟದ ಹೊತ್ತೇ ಮುಗಿದಿರುತ್ತದೆ. ಹಾಗಾಗಿ ಅಂಥ ಕಡೆ ಮೊದಲು ಬಿಟ್ಟುಬಿಡೋದು ಪ್ಲಾನ್ ಕೇಳೋದನ್ನೇ, ಆಮೇಲೆ ಮಾಡಿದ್ದನ್ನು ಹೇಳಿಸೋದನ್ನು. ಬಣ್ಣಬಣ್ಣದ ಮೂಲೆಗಳು ಮಾತ್ರ ಉಳಿದುಕೊಳ್ಳುತ್ತವೆ, ಫೋಟೋದಲ್ಲಿ ಬರೋದೂ ಅವೇ.